ಮಗುವಿನ ಹಾಳೆಯ ಪಕ್ಕ ಕೂರುವುದನ್ನೂ ಕಲಿಸಿ: ಚಿತ್ರಕಲಾ ಶಿಕ್ಷಕರನ್ನು ತಯಾರು ಮಾಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರಾಗಲು ಹೊರಟವರಿಗೆ ಏನು ಕಲಿಸಬೇಕು, ಎಷ್ಟು ದಿನ ಕಲಿಸಬೇಕು, ಯಾವುದಕ್ಕೆ ಎಷ್ಟು ಅಂಕ ಎಂದು ತೀರ್ಮಾನಿಸುವವರು ನೀವು. ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ನೀವು ಕಳಿಸುವ ಪ್ರಶಿಕ್ಷಣಾರ್ಥಿಗಳು ನನ್ನ ತರಗತಿಗೆ ಬರುತ್ತಾರೆ, ಮಕ್ಕಳಿಗೆ ಪಾಠ ಮಾಡುತ್ತಾರೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ. ಹಾಗೆ ನೋಡಿ ನೋಡಿ ಮನಸ್ಸಿನಲ್ಲಿ ಗಟ್ಟಿಯಾದ ಒಂದು ಮಾತನ್ನು ಹೇಳಲು ಈ ಪತ್ರ.

ಬರುವವರಲ್ಲಿ ಬಹಳ ಮಂದಿಗೆ ಕೈ ಚೆನ್ನಾಗಿ ಪಳಗಿರುತ್ತದೆ. ಅವರು ಜಲವರ್ಣ ಹಚ್ಚುವುದನ್ನು ನೋಡುತ್ತಾ ನಿಂತುಬಿಡಬೇಕು ಅನ್ನಿಸುತ್ತದೆ. ಪಾಠ ಯೋಜನೆಯನ್ನು ಅಚ್ಚುಕಟ್ಟಾಗಿ ಬರೆದುಕೊಂಡು ಬರುತ್ತಾರೆ. ಬೋರ್ಡಿನ ಮೇಲೆ ಮಾದರಿ ಬರೆದು ತೋರಿಸುವಾಗ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಮಕ್ಕಳು ಪೆನ್ಸಿಲ್ ಹಿಡಿದು ಕೆಲಸಕ್ಕೆ ಕೂರುತ್ತಾರೆ. ಹತ್ತು ನಿಮಿಷ ಕಳೆಯುತ್ತದೆ. ಹೊಸ ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತಾ ಒಂದು ಹಾಳೆಯ ಮುಂದೆ ನಿಲ್ಲುತ್ತಾರೆ. ಅಲ್ಲಿ ಏನು ಹೇಳಬೇಕು ಎಂದು ಅವರಿಗೆ ತೋಚುವುದಿಲ್ಲ. "ಚೆನ್ನಾಗಿದೆ" ಎಂದು ಮುಂದೆ ಹೋಗುತ್ತಾರೆ. ಇಲ್ಲವೇ ಮಗುವಿನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತಾವೇ ತಿದ್ದಿಬಿಡುತ್ತಾರೆ.

ಇದು ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಅದನ್ನು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೇ. ನಾನು ಕೇಳುವುದು ಇದನ್ನೇ: ಅರ್ಧ ಬರೆದ ಚಿತ್ರದ ಮುಂದೆ ಮಗುವಿನ ಜೊತೆ ಮಾತಾಡುವುದನ್ನು ತರಬೇತಿಯ ಮುಖ್ಯ ಪಾಠ ಮಾಡಿ. ಅದಕ್ಕೆ ಸಮಯ ಕೊಡಿ, ಅಂಕ ಕೊಡಿ, ಪಕ್ಕದಲ್ಲಿ ನಿಂತು ತಿಳಿಸಿಕೊಡುವ ಜನರನ್ನೂ ಕೊಡಿ.

ಅದು ಎಂಥ ಮಾತು, ಅದಕ್ಕೆ ಏನು ಗೊತ್ತಿರಬೇಕು ಎನ್ನುವುದಕ್ಕೆ ಒಂದು ಲೋಟದ ವಿಷಯ ಹೇಳುತ್ತೇನೆ. 12-13 ವರ್ಷದ ಮಕ್ಕಳ ಮುಂದೆ ಮೇಜಿನ ಮೇಲೆ ಲೋಟ ಇಟ್ಟು ಬರೆಯಲು ಹೇಳಿ. ಹಲವು ಹಾಳೆಗಳಲ್ಲಿ ಲೋಟದ ಬಾಯಿ ಪೂರ್ತಿ ದುಂಡಗಿರುತ್ತದೆ, ತಳ ಮಾತ್ರ ಸ್ಕೇಲ್ ಇಟ್ಟು ಎಳೆದಂತೆ ನೇರವಾಗಿರುತ್ತದೆ. ಮಗು ಕಣ್ಣುಮುಚ್ಚಿ ಬರೆದಿಲ್ಲ. ಬಾಯಿ ದುಂಡಗಿದೆ ಎಂದು ಅದಕ್ಕೆ ಗೊತ್ತು. ತಳ ಮೇಜಿನ ಮೇಲೆ ಸಪಾಟಾಗಿ ಕೂತಿದೆ ಎಂದೂ ಗೊತ್ತು. ಗೊತ್ತಿರುವ ಎರಡನ್ನೂ ಪ್ರಾಮಾಣಿಕವಾಗಿ ಬರೆದಿದೆ. ಫ್ರಾನ್ಸಿನ ಜಾರ್ಜ್ ಹೆನ್ರಿ ಲ್ಯೂಕೆ ಮಕ್ಕಳ ಚಿತ್ರಗಳ ಬಗ್ಗೆ 1927ರಲ್ಲೇ ಇದನ್ನು ಬರೆದಿದ್ದರು. ಚಿಕ್ಕ ಮಕ್ಕಳು ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ, ಬೆಳೆಯುತ್ತಾ ಕಣ್ಣಿಗೆ ಕಂಡ ಹಾಗೆ ಬರೆಯುವ ಕಡೆಗೆ ಹೊರಳುತ್ತಾರೆ ಎಂದು. ನಮ್ಮ ಬಳಿ ಬರುವ ಎಷ್ಟೋ ಮಕ್ಕಳು ಆ ಎರಡರ ನಡುವೆ ಸಿಕ್ಕಿಕೊಂಡಿರುತ್ತಾರೆ. ಗೊತ್ತಿರುವುದನ್ನು ಬಿಡಲಾರರು. ಕಂಡದ್ದನ್ನು ಹಿಡಿಯಲು ಇನ್ನೂ ಬಾರದು. ಬರೆದದ್ದು ಸರಿಯಿಲ್ಲ ಅನ್ನುವುದು ಮಾತ್ರ ಅವರಿಗೆ ಚೆನ್ನಾಗಿ ತಿಳಿಯುತ್ತದೆ.

ಈಗ ಪ್ರಶಿಕ್ಷಣಾರ್ಥಿ ಬಂದು ಬಾಯಿಯನ್ನು ಅಳಿಸಿ ಚಪ್ಪಟೆ ದುಂಡು ಮಾಡಿಕೊಟ್ಟರು ಅಂದುಕೊಳ್ಳಿ. ಹತ್ತು ಸೆಕೆಂಡಿನ ಕೆಲಸ. ಚಿತ್ರ ಸರಿಹೋಯಿತು. ಮಗು ಕಲಿತದ್ದು ಏನು? ಸರಿಯಾದ ಗೆರೆ ಟೀಚರ್ ಕೈಯಲ್ಲಿದೆ, ನನ್ನ ಕೈಯಲ್ಲಿ ಇಲ್ಲ ಅಂತ.

ಇನ್ನೊಂದು ದಾರಿ ಹೀಗೆ. ಶಿಕ್ಷಕಿ ಪಕ್ಕದಲ್ಲಿ ಕೂರುತ್ತಾರೆ. ಪೆನ್ಸಿಲ್ ಮುಟ್ಟುವುದಿಲ್ಲ. "ಲೋಟವನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿ. ಒಂದು ಕಣ್ಣು ಮುಚ್ಚು. ಬಾಯಿ ಹೇಗೆ ಕಾಣ್ತಿದೆ?" ಮಗು ಸ್ವಲ್ಪ ಹೊತ್ತು ನೋಡಿ "ಗೆರೆ ತರ" ಅನ್ನುತ್ತದೆ. "ಈಗ ನಿಧಾನಕ್ಕೆ ಕೆಳಗಿಳಿಸು." ಗೆರೆ ತೆರೆದುಕೊಳ್ಳುತ್ತದೆ. ತೆಳ್ಳಗಿದ್ದದ್ದು ಅಗಲವಾಗುತ್ತಾ ಹೋಗುತ್ತದೆ. "ಈಗ ತಳ ನೋಡು. ಅದು ನಿನ್ನ ಕಣ್ಣಿನಿಂದ ಬಾಯಿಗಿಂತ ಇನ್ನೂ ಕೆಳಗಿದೆ, ಅಲ್ವಾ? ಹಾಗಾದ್ರೆ ತಳದ ಅಂಚು ನೇರ ಇರುತ್ತಾ?" ಇಲ್ಲಿ ಶಿಕ್ಷಕಿ ಸುಮ್ಮನಾಗಬೇಕು. ಉತ್ತರ ತಾನೇ ಹೇಳಿಬಿಡುವ ಆಸೆ ಬಹಳ ಇರುತ್ತದೆ. ತಡೆದುಕೊಳ್ಳಬೇಕು. ಮಗು ಲೋಟವನ್ನು ಮತ್ತೆ ಮೇಜಿನ ಮೇಲಿಟ್ಟು, ಬಗ್ಗಿ ನೋಡಿ, ತಳದ ನೇರ ಗೆರೆಯನ್ನು ತಾನೇ ಅಳಿಸಿ ಬಾಗಿಸುತ್ತದೆ. ಆ ಬಾಗು ಸ್ವಲ್ಪ ಸೊಟ್ಟಗಿರಬಹುದು. ಇರಲಿ ಬಿಡಿ. ಅದು ಆ ಮಗುವೇ ಕಂಡ ಬಾಗು.

ಇಷ್ಟಕ್ಕೆ ಎರಡು ಮೂರು ನಿಮಿಷ ಸಾಕು. ಆದರೆ ಆ ಎರಡು ಮೂರು ನಿಮಿಷಕ್ಕೆ ಬೇಕಾದ ತಿಳಿವಳಿಕೆ ಕಡಿಮೆಯದಲ್ಲ. ಮಗು ಏಕೆ ಹಾಗೆ ಬರೆಯಿತು ಎಂದು ಹಾಳೆ ನೋಡಿದ ಕೂಡಲೇ ಊಹಿಸಬೇಕು. ಯಾವ ಪ್ರಶ್ನೆ ಕೇಳಿದರೆ ಅದರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರಬೇಕು. ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರಬೇಕು. ಮತ್ತೆ, ತಿದ್ದಬಾರದ ಸಂದರ್ಭವನ್ನೂ ಗುರುತಿಸಬೇಕು. ಪಕ್ಕದ ಬೆಂಚಿನ ಹುಡುಗ ಲೋಟದ ಬಾಯನ್ನು ಬೇಕಂತಲೇ ದುಂಡಗೆ ಬರೆದಿರಬಹುದು, ಒಳಗಿರುವ ನೀರು ಕಾಣಲಿ ಅಂತ. ಫ್ರಾನ್ಸಿನ ಚಿತ್ರಕಾರ ಸೆಜಾನ್ ಬರೆದ ಮೇಜಿನ ಅಂಚು ಅದರ ಮೇಲೆ ಹಾಸಿದ ಬಟ್ಟೆಯ ಆ ಕಡೆಗೂ ಈ ಕಡೆಗೂ ಒಂದೇ ನೇರದಲ್ಲಿ ಇರುವುದಿಲ್ಲ. ಮೊಘಲ್ ಕಾಲದ ಚಿಕಣಿ ಚಿತ್ರಗಳಲ್ಲಿ ರತ್ನಗಂಬಳಿ ಮೇಲಿನಿಂದ ನೋಡಿದ ಹಾಗೆ, ಅದರ ಮೇಲೆ ಕೂತ ಮನುಷ್ಯರು ಪಕ್ಕದಿಂದ ನೋಡಿದ ಹಾಗೆ ಇರುತ್ತಾರೆ. ಈ ಹುಡುಗನಿಗೆ ಆ ಚಿತ್ರಗಳನ್ನು ತೋರಿಸಬೇಕು. ಒಂದೇ ದುಂಡು, ಎರಡು ಮಕ್ಕಳು, ಎರಡು ಬೇರೆ ಮಾತು. ತರಬೇತಿಯ ಕಲಾ ಇತಿಹಾಸದ ಪಾಠದಲ್ಲಿ ಓದಿದ್ದು ಉಪಯೋಗಕ್ಕೆ ಬರಬೇಕಾದ ಜಾಗ ಇದೇ.

ಈ ಕೊರತೆ ಇವತ್ತಿನದಲ್ಲ. ಚಿತ್ರಕಲಾ ಶಿಕ್ಷಣದ ಚರಿತ್ರೆಯಲ್ಲೇ ಅದರ ಬೇರಿದೆ ಎಂದು ನನ್ನ ನಂಬಿಕೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1870ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಕಡ್ಡಾಯ ಮಾಡಿತು. ಕಾರ್ಖಾನೆಗಳಿಗೆ ನಕ್ಷೆ ಬರೆಯುವವರು, ವಿನ್ಯಾಸ ಮಾಡುವವರು ಬೇಕಾಗಿದ್ದರು. ಇಂಗ್ಲೆಂಡಿನಿಂದ ವಾಲ್ಟರ್ ಸ್ಮಿತ್ ಎಂಬ ಕಲಾ ಶಿಕ್ಷಕರನ್ನು ಕರೆಸಿಕೊಂಡರು. 1873ರಲ್ಲಿ ಡ್ರಾಯಿಂಗ್ ಶಿಕ್ಷಕರನ್ನು ತಯಾರು ಮಾಡಲೆಂದೇ ಒಂದು ಶಾಲೆ ತೆರೆದರು. ಅಲ್ಲಿನ ಕ್ರಮದಲ್ಲಿ ನೇರ ಗೆರೆ, ಬಾಗು ಗೆರೆ, ಜ್ಯಾಮಿತಿಯ ಆಕಾರ, ಆಮೇಲೆ ನಕಲು. ಶಿಕ್ಷಕರ ಕೆಲಸ ಮಾದರಿ ತೋರಿಸುವುದು, ಮಗುವಿನ ಗೆರೆ ಮಾದರಿಗೆ ಎಷ್ಟು ಹತ್ತಿರ ಬಂತು ಎಂದು ನೋಡುವುದು.

ಅದಕ್ಕೆ ಎದುರಾಗಿ ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ 1897ರಲ್ಲಿ ಮಕ್ಕಳಿಗಾಗಿ ಕಲಾ ತರಗತಿ ತೆರೆದರು. ಮಕ್ಕಳ ಚಿತ್ರ ದೊಡ್ಡವರ ಚಿತ್ರದ ಅರೆಬರೆ ರೂಪ ಅಲ್ಲ, ಅದು ತಾನೇ ಒಂದು ಕಲೆ ಎಂದರು. ಅದು ದೊಡ್ಡ ಮಾತು. ಇವತ್ತಿಗೂ ನಾವು ಅದರ ಋಣದಲ್ಲಿದ್ದೇವೆ. ಆದರೆ ಅವರ ನಂತರ ಬಂದ ಎಷ್ಟೋ ಜನ ಅದನ್ನು "ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಿ" ಎಂದು ಅರ್ಥ ಮಾಡಿಕೊಂಡರು. ಒಂದು ಕಡೆ ಮಾದರಿ ನೋಡಿ ಬರೆಸುವ ಅಭ್ಯಾಸ, ಇನ್ನೊಂದು ಕಡೆ ಬಣ್ಣ ಕೊಟ್ಟು ದೂರ ನಿಲ್ಲುವ ಅಭ್ಯಾಸ. ನಮ್ಮ ತರಬೇತಿಗಳು ಈ ಎರಡರ ನಡುವೆ ತೂಗಾಡುತ್ತಲೇ ಬಂದಿವೆ. ಎರಡರಲ್ಲೂ ಶಿಕ್ಷಕರು ಹಾಳೆಯ ಹತ್ತಿರ ಕೂತು ಈ ಮಗು ಏನು ಮಾಡಲು ಹೊರಟಿದೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ.

ಮೂರನೆಯ ದಾರಿ ತೋರಿಸಿದವರೂ ಇದ್ದಾರೆ. ಇಂಗ್ಲೆಂಡಿನ ಡಡ್ಲಿಯಲ್ಲಿ ಮರಿಯನ್ ರಿಚರ್ಡ್‌ಸನ್ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿ, ಒಂದು ದೃಶ್ಯವನ್ನು ಮಾತಿನಲ್ಲೇ ವರ್ಣಿಸುತ್ತಿದ್ದರು. ಮನಸ್ಸಿನಲ್ಲಿ ಮೂಡಿದ್ದನ್ನು ಮಕ್ಕಳು ಬರೆಯುತ್ತಿದ್ದರು. ಕಲಾ ವಿಮರ್ಶಕ ರಾಜರ್ ಫ್ರೈ 1917ರಲ್ಲಿ ಆ ಚಿತ್ರಗಳನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟರು. ನನಗೆ ಮುಖ್ಯವಾಗಿ ಕಾಣುವುದು ಮುಂದಿನದು. ರಿಚರ್ಡ್‌ಸನ್ 1920ರ ದಶಕದಲ್ಲಿ ಶಿಕ್ಷಕರಿಗೇ ತರಬೇತಿ ಕೊಡಲು ಹೋದರು. ಶಾಲೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡಿ ಕಂಡುಕೊಂಡದ್ದು ನೇರವಾಗಿ ತರಬೇತಿಗೆ ಹೋಯಿತು. ಇವತ್ತು ಚಿತ್ರಕಲಾ ಶಿಕ್ಷಕರಿಗೆ ಪಾಠ ಮಾಡುವವರಲ್ಲಿ ಎಷ್ಟು ಮಂದಿ ಈಚೆಗೆ 13 ವರ್ಷದ ಮಕ್ಕಳ ಜೊತೆ ಒಂದು ಇಡೀ ಅವಧಿ ಕಳೆದಿದ್ದಾರೆ? ದಯವಿಟ್ಟು ಈ ಪ್ರಶ್ನೆಯನ್ನು ನಿಮ್ಮ ಸಭೆಯಲ್ಲಿ ಕೇಳಿ.

ಪ್ರೌಢಶಾಲೆಯ ವಯಸ್ಸಿಗೆ ಇದು ಇನ್ನೂ ಮುಖ್ಯ. ವಿಕ್ಟರ್ ಲೋವೆನ್‌ಫೆಲ್ಡ್ ವಿಯೆನ್ನಾದಲ್ಲಿ ಕುರುಡು ಮಕ್ಕಳಿಗೆ ಶಿಲ್ಪ ಕಲಿಸಿದವರು, ಆಮೇಲೆ ಅಮೆರಿಕಕ್ಕೆ ಹೋಗಿ ಕಲಾ ಶಿಕ್ಷಕರನ್ನು ತಯಾರು ಮಾಡಿದವರು. ಮಕ್ಕಳ ಚಿತ್ರಗಳ ಬೆಳವಣಿಗೆಯನ್ನು ಹಂತ ಹಂತವಾಗಿ ವಿವರಿಸಿ 1947ರಲ್ಲಿ ಬರೆದರು. ಹದಿಹರೆಯದ ಹೊಸ್ತಿಲಲ್ಲಿ ಮಗು ತನ್ನ ಚಿತ್ರವನ್ನು ತಾನೇ ಕಟುವಾಗಿ ವಿಮರ್ಶಿಸಲು ಶುರು ಮಾಡುತ್ತದೆ, ಬಹಳ ಮಂದಿ ಅಲ್ಲಿಗೇ ಬರೆಯುವುದನ್ನು ನಿಲ್ಲಿಸುತ್ತಾರೆ ಎಂದು ಗುರುತಿಸಿದರು. "ನನಗೆ ಡ್ರಾಯಿಂಗ್ ಬರಲ್ಲ ಮಿಸ್" ಎನ್ನುವ ಮಾತು ಕೇಳದ ಚಿತ್ರಕಲಾ ಶಿಕ್ಷಕರು ಯಾರೂ ಇಲ್ಲ. ಐದು ವರ್ಷದ ಮಗು ಹೀಗೆ ಹೇಳುವುದಿಲ್ಲ. ನಾವು ಪ್ರೌಢಶಾಲೆಯವರು ಮಕ್ಕಳನ್ನು ಭೇಟಿ ಮಾಡುವುದೇ ಅವರು ಕೈಬಿಡುತ್ತಿರುವ ಹೊತ್ತಿನಲ್ಲಿ. ಆಗ ಸಿಗುವ ಶಿಕ್ಷಕರಿಗೆ ಹಾಳೆಯ ಪಕ್ಕ ಕೂತು ಮಾತಾಡಲು ಬಂದರೆ ಆ ಮಗು ಮುಂದುವರಿಯಬಹುದು. ಬಾರದಿದ್ದರೆ ಎಷ್ಟೋ ಮಕ್ಕಳಿಗೆ ಚಿತ್ರ ಬರೆಯುವುದು ಜೀವನದಲ್ಲಿ ಅಲ್ಲಿಗೆ ಮುಗಿಯಿತು.

ಶಾಲೆಯಲ್ಲಿ ಕಳೆಯುವ ದಿನಗಳನ್ನು ಜಾಸ್ತಿ ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ದಿನಗಳು ಬೇಕು, ನಿಜ. ಇಂಗ್ಲೆಂಡಿನಲ್ಲಿ ಪದವಿಯ ನಂತರದ ಒಂದು ವರ್ಷದ ಶಿಕ್ಷಕ ತರಬೇತಿಯಲ್ಲಿ ಕನಿಷ್ಠ 120 ದಿನ ಶಾಲೆಗಳಲ್ಲೇ ಕಳೆಯಬೇಕು, ಅದೂ ಕನಿಷ್ಠ ಎರಡು ಶಾಲೆಗಳಲ್ಲಿ. ಭಾರತದಲ್ಲಿ 2014ರ ನಿಯಮಗಳ ನಂತರ ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಶಾಲೆಗೆ ಮೀಸಲಾಯಿತು. ಆದರೆ ಆ ದಿನಗಳು ಹೇಗೆ ಕಳೆಯುತ್ತವೆ ಎಂದೂ ನೋಡಬೇಕು. 40 ನಿಮಿಷದ ಒಂದು ಅವಧಿ ತೆಗೆದುಕೊಳ್ಳಿ. ಮಕ್ಕಳು ಬಂದು ಕೂರಲು ಐದು ನಿಮಿಷ. ವಿಷಯ ಹೇಳಿ ಮಾದರಿ ತೋರಿಸಲು ಹತ್ತು. ಹಾಳೆ, ಬಣ್ಣ, ನೀರು ಹಂಚಲು ಐದು. ಕೊನೆಗೆ ಬ್ರಷ್ ತೊಳೆದು, ಮೇಜು ಒರೆಸಿ, ಹಸಿ ಚಿತ್ರಗಳನ್ನು ಒಣಗಲು ಇಡಲು ಹತ್ತು. ಉಳಿದದ್ದು ಹತ್ತು ನಿಮಿಷ. ತರಗತಿಯಲ್ಲಿ 30 ಮಕ್ಕಳಿದ್ದರೆ ಒಬ್ಬರಿಗೆ 20 ಸೆಕೆಂಡು. ಇದರಲ್ಲಿ ಯಾರು ಯಾರ ಜೊತೆ ಏನು ಮಾತಾಡಲು ಸಾಧ್ಯ?

ಅದಕ್ಕೇ ಒಂದು ಸಣ್ಣ ಬದಲಾವಣೆ ಕೇಳುತ್ತಿದ್ದೇನೆ. ಶಾಲೆಗೆ ಬಂದ ಮೊದಲ ವಾರಗಳಲ್ಲಿ ಪ್ರಶಿಕ್ಷಣಾರ್ಥಿಗೆ ಇಡೀ ತರಗತಿ ಕೊಡಬೇಡಿ. ಐದಾರು ಮಕ್ಕಳನ್ನು ಕೊಡಿ. ತರಗತಿಯ ಶಿಕ್ಷಕರು ಉಳಿದವರನ್ನು ನೋಡಿಕೊಳ್ಳಲಿ. ಆ ಐದಾರು ಮಕ್ಕಳ ಒಂದೊಂದು ಚಿತ್ರವನ್ನು ಖಾಲಿ ಹಾಳೆಯಿಂದ ಮುಗಿಯುವ ತನಕ, ಎಷ್ಟು ವಾರ ಆದರೂ ಸರಿ, ಪ್ರಶಿಕ್ಷಣಾರ್ಥಿ ಜೊತೆಗಿದ್ದು ನೋಡಲಿ. ಈಗ ಆಗುವುದು ಹೇಗೆಂದರೆ, ಸೋಮವಾರ ಒಂದು ತರಗತಿ, ಬುಧವಾರ ಇನ್ನೊಂದು, ಮಾಡಲೇಬೇಕಾದಷ್ಟು ಪಾಠಗಳು ಮುಗಿದ ಮೇಲೆ ವಾಪಸ್. ತಾನು ಶುರು ಮಾಡಿಸಿದ ಚಿತ್ರ ಕೊನೆಗೆ ಏನಾಯಿತು ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ.

ಆ ಮಾತುಕತೆಯನ್ನು ಶಾಲೆಯ, ಪೋಷಕರ ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿಕೊಳ್ಳಲಿ. ಸಂಜೆ ಮಾರ್ಗದರ್ಶಕರ ಜೊತೆ ಕೂತು ಕೇಳಲಿ. ತನ್ನದೇ ಮಾತು ಕೇಳಿಸಿಕೊಂಡಾಗ ತಿಳಿಯುವುದು ಬೇರೆ ಯಾವ ಉಪನ್ಯಾಸದಲ್ಲೂ ತಿಳಿಯುವುದಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದೆ ತಾನೇ ಉತ್ತರ ಹೇಳಿದ್ದು ಅಲ್ಲಿ ಸಿಕ್ಕಿಬೀಳುತ್ತದೆ. ಐದು ಮಕ್ಕಳಿಗೂ ಒಂದೇ ಮಾತು ಹೇಳಿದ್ದು ಸಿಕ್ಕಿಬೀಳುತ್ತದೆ. "ಚೆನ್ನಾಗಿದೆ" ಎನ್ನುವುದು ಎಷ್ಟು ಸಲ ಬಂತು, ಏನು ಚೆನ್ನಾಗಿದೆ ಎಂದು ಒಂದು ಸಲವಾದರೂ ಹೇಳಿದ್ದೇನಾ ಎನ್ನುವುದೂ ತಿಳಿಯುತ್ತದೆ.

ಪಾಠ ವೀಕ್ಷಣೆಯ ನಮೂನೆಯ ಬಗ್ಗೆಯೂ ಹೇಳಬೇಕು. ನನ್ನ ಕೈಗೆ ಬಂದ ನಮೂನೆಗಳಲ್ಲಿ ಪೀಠಿಕೆ, ಧ್ವನಿ, ಬೋರ್ಡ್ ಬಳಕೆ, ಬೋಧನೋಪಕರಣ, ಸಮಯ ಪಾಲನೆ, ಶಿಸ್ತು ಎಲ್ಲಕ್ಕೂ ಕಾಲಂ ಇದೆ. ಒಂದು ಮಗುವಿನ ಚಿತ್ರ ನೋಡಿ ಏನು ಹೇಳಿದರು, ಆಮೇಲೆ ಆ ಚಿತ್ರದಲ್ಲಿ ಏನು ಬದಲಾಯಿತು ಎಂದು ಬರೆಯಲು ಜಾಗವಿಲ್ಲ. ಗಣಿತಕ್ಕೂ ಚಿತ್ರಕಲೆಗೂ ಅದೇ ನಮೂನೆ. ಯಾವುದಕ್ಕೆ ಅಂಕ ಇದೆಯೋ ಪ್ರಶಿಕ್ಷಣಾರ್ಥಿ ಅದನ್ನೇ ಅಭ್ಯಾಸ ಮಾಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮಗುವಿನ ಹಾಳೆಯ ಮೇಲೆ ಶಿಕ್ಷಕರು ಗೆರೆ ಎಳೆಯಬಾರದು ಎನ್ನುವುದನ್ನು ನಿಯಮವಾಗಿಯೇ ಮಾಡಿ ಎಂದೂ ಬೇಡುತ್ತೇನೆ. ಏನಾದರೂ ತೋರಿಸಬೇಕಾದರೆ ಪಕ್ಕದಲ್ಲಿ ಒಂದು ಚೂರು ಹಾಳೆ ಇಟ್ಟುಕೊಂಡು ಅದರ ಮೇಲೆ ತೋರಿಸಬಹುದು. ಬರೆದು ತೋರಿಸುವುದೇ ಬೇಡ ಎನ್ನುವವಳು ನಾನಲ್ಲ. ಶಿಕ್ಷಕರ ಕೈ ಪಳಗಿರಲೇಬೇಕು. ತಾನೇ ಬರೆಯುವುದನ್ನು ಬಿಟ್ಟ ಚಿತ್ರಕಲಾ ಶಿಕ್ಷಕರಿಗೆ, ಮಗು ಎಲ್ಲಿ ಒದ್ದಾಡುತ್ತಿದೆ ಎನ್ನುವುದೂ ನಿಧಾನಕ್ಕೆ ಮರೆತುಹೋಗುತ್ತದೆ. ತರಬೇತಿಯ ಅವಧಿಯಲ್ಲಿ ಅವರ ಸ್ವಂತ ಕೆಲಸಕ್ಕೆ ವಾರದಲ್ಲಿ ಒಂದು ಪೂರ್ತಿ ಮಧ್ಯಾಹ್ನ ಬಿಟ್ಟುಕೊಡಿ. ಅದರಲ್ಲೂ ತಮಗೆ ಒಗ್ಗದ ಮಾಧ್ಯಮದಲ್ಲಿ ಕೆಲಸ ಮಾಡಲಿ. ಚಿತ್ರಗಾರರು ಮಣ್ಣು ಹಿಡಿಯಲಿ, ಶಿಲ್ಪ ಓದಿದವರು ಅಚ್ಚು ಚಿತ್ರಕ್ಕಾಗಿ ಲಿನೋ ಹಾಳೆ ಕೊರೆಯಲಿ. ಚಿತ್ರಕಾರರೂ ಕಲಾ ಶಿಕ್ಷಕರೂ ಆಗಿದ್ದ ಜೋಸೆಫ್ ಆಲ್ಬರ್ಸ್ ಬಣ್ಣದ ಕಾಗದಗಳಿಂದಲೇ ಬಣ್ಣ ಕಲಿಸುತ್ತಿದ್ದರು. ಒಂದೇ ಬಣ್ಣದ ಎರಡು ತುಂಡುಗಳನ್ನು ಬೇರೆ ಬೇರೆ ಹಿನ್ನೆಲೆಯ ಮೇಲಿಟ್ಟು, ಎರಡೂ ಬೇರೆ ಬಣ್ಣ ಎಂದು ಕಾಣುವ ಹಾಗೆ ಮಾಡಿ ಎನ್ನುತ್ತಿದ್ದರು. ದೊಡ್ಡವರೂ ಇದರಲ್ಲಿ ತಡಕಾಡುತ್ತಾರೆ. ತಾನೇ ತಡಕಾಡಿದ ಪ್ರಶಿಕ್ಷಣಾರ್ಥಿ ಮರುದಿನ ಮಗುವಿನ ಪಕ್ಕ ಕೂತಾಗ ಅವರ ಮಾತಿನ ಧಾಟಿಯೇ ಬದಲಾಗಿರುತ್ತದೆ.

ಸಾಮಗ್ರಿಗಳ ಸುರಕ್ಷತೆ ಈ ಪತ್ರದ ವಿಷಯ ಅಲ್ಲ, ಆದರೂ ಎರಡು ಮಾತು ಹೇಳದೆ ಹೋಗಲಾರೆ. ಒಣಗಿದ ಜೇಡಿಮಣ್ಣನ್ನು ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಅದರ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಲಿನೋ ಕೊರೆಯುವಾಗ ಎರಡೂ ಕೈ ಉಳಿಯ ಮೊನೆಯ ಹಿಂದೆ ಇರಬೇಕು. ಇಂಥವನ್ನು ಹೊಸ ಶಿಕ್ಷಕರು ಮಗುವಿನ ಬೆರಳು ಕುಯ್ದ ಮೇಲೆ ಕಲಿಯುವ ಹಾಗಾಗಬಾರದು.

ಬಣ್ಣ ಗುರುತಿಸುವ ತೊಂದರೆಯ ಬಗ್ಗೆಯೂ ತರಬೇತಿಯಲ್ಲಿ ಸರಿಯಾಗಿ ಹೇಳಿ. ಕೆಂಪು ಹಸಿರು ಬೇರೆ ಮಾಡಿ ನೋಡಲು ಕಷ್ಟವಾಗುವುದು ಹುಡುಗರಲ್ಲೇ ಜಾಸ್ತಿ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಮಂದಿಗೆ ಒಬ್ಬರಿಗೆ, ಹೆಂಗಸರಲ್ಲಿ 200 ಮಂದಿಗೆ ಒಬ್ಬರಿಗೆ ಇದು ಇರುತ್ತದೆ. ಬೇರೆ ಜನಗಳಲ್ಲಿ ಸ್ವಲ್ಪ ಕಡಿಮೆ. ಮರದ ಕಾಂಡಕ್ಕೆ ಹಸಿರು ಬಳಿದ ಹುಡುಗನನ್ನು ಎಲ್ಲರ ಮುಂದೆ ಎಬ್ಬಿಸಿ "ಇದೇನಿದು?" ಎಂದು ಕೇಳಿದರೆ, ಅವನು ಇನ್ನು ಬಣ್ಣ ಮುಟ್ಟುವುದೇ ಅನುಮಾನ. ಪಕ್ಕದಲ್ಲಿ ಕೂತು "ಈ ಬಣ್ಣ ಹೇಗೆ ಆರಿಸಿದೆ?" ಎಂದು ಕೇಳುವ ಅಭ್ಯಾಸ ಇದ್ದ ಶಿಕ್ಷಕರಿಗೆ ವಿಷಯ ತಿಳಿಯುತ್ತದೆ. ಆಮೇಲೆ ಬಣ್ಣದ ಡಬ್ಬಿಗಳ ಮೇಲೆ ಹೆಸರಿನ ಚೀಟಿ ಅಂಟಿಸಿದರೆ ಅರ್ಧ ಕಷ್ಟ ಕಳೆಯುತ್ತದೆ.

ಅಂಕ ಕೊಡುವುದನ್ನೂ ಇದೇ ರೀತಿ ಕಲಿಸಿ. ಒಂದೇ ತರಗತಿಯ ಚಿತ್ರಗಳನ್ನು, ಅವುಗಳ ಹಿಂದಿನ ಕಚ್ಚಾ ಚಿತ್ರಗಳ ಸಮೇತ, ಮೂವರು ಪ್ರಶಿಕ್ಷಣಾರ್ಥಿಗಳಿಗೆ ಬೇರೆ ಬೇರೆಯಾಗಿ ಕೊಡಿ. ಅಂಕ ಹಾಕಲಿ. ಆಮೇಲೆ ಒಟ್ಟಿಗೆ ಕೂತು, ಎಲ್ಲಿ ಅಂಕ ಬೇರೆಯಾಯಿತೋ ಅಲ್ಲಿ ನಿಲ್ಲಿಸಿ ವಾದ ಮಾಡಲಿ. ಅಚ್ಚುಕಟ್ಟಾಗಿ ನಕಲು ಮಾಡಿದವಳಿಗೆ ಜಾಸ್ತಿಯೋ, ಮೂರು ಸಲ ಬದಲಾಯಿಸಿ ಕೊನೆಗೆ ಸ್ವಲ್ಪ ಕೊಳೆಯಾದರೂ ತನ್ನದೇ ಆದ ಏನನ್ನೋ ಹಿಡಿದವನಿಗೆ ಜಾಸ್ತಿಯೋ? ನನ್ನ ಉತ್ತರ ಎರಡನೆಯವನು. ಒಪ್ಪದವರೂ ಇರುತ್ತಾರೆ. ಆ ವಾದವನ್ನು ಅವರು ಕೆಲಸಕ್ಕೆ ಸೇರುವ ಮೊದಲೇ ಮಾಡಿ ಮುಗಿಸಲಿ.

ಇದಕ್ಕೆಲ್ಲ ಶಾಲೆಯಲ್ಲಿರುವ ನಮ್ಮಂಥವರ ಸಮಯವೂ ಬೇಕು. ಪ್ರಶಿಕ್ಷಣಾರ್ಥಿ ಬಂದಾಗ ನಮ್ಮ ಅವಧಿಗಳು ಕಡಿಮೆಯಾಗುವುದಿಲ್ಲ. ಅವರ ಜೊತೆ ಕೂತು ಮಾತಾಡುವುದು ಊಟದ ಬಿಡುವಿನಲ್ಲಿ, ಇಲ್ಲವೇ ಗಂಟೆ ಹೊಡೆದು ಮುಂದಿನ ತರಗತಿಗೆ ಓಡುವ ನಡುವೆ. ವಾರಕ್ಕೆ ಎರಡು ಅವಧಿ ನಮ್ಮನ್ನು ಬಿಡುಗಡೆ ಮಾಡುವ ಹಾಗೆ ಶಾಲೆಗಳ ಜೊತೆ ಒಪ್ಪಂದ ಮಾಡಿಕೊಳ್ಳಿ. ಮಾರ್ಗದರ್ಶನ ಮಾಡುವ ಶಿಕ್ಷಕರನ್ನೂ ವರ್ಷಕ್ಕೊಮ್ಮೆ ಕರೆಸಿ. ನಾವು ನೋಡಿದ್ದನ್ನು ಹೇಳಲು ನಿಮ್ಮ ಮೇಜಿನ ಸುತ್ತ ನಮಗೂ ಒಂದು ಕುರ್ಚಿ ಇರಲಿ.

ಇಷ್ಟೂ ಒಮ್ಮೆಲೇ ಆಗುವುದು ಕಷ್ಟ ಎಂದು ಗೊತ್ತು. ಹಾಗಾದರೆ ವೀಕ್ಷಣಾ ನಮೂನೆಯಿಂದ ಶುರು ಮಾಡಿ. ಅದಕ್ಕೆ ದುಡ್ಡು ಬೇಕಾಗಿಲ್ಲ, ಹೊಸ ಹುದ್ದೆ ಬೇಕಾಗಿಲ್ಲ. ಮಗು ಏನು ಬರೆದಿತ್ತು, ಪ್ರಶಿಕ್ಷಣಾರ್ಥಿ ಏನು ಕೇಳಿದರು, ಆಮೇಲೆ ಹಾಳೆಯಲ್ಲಿ ಏನಾಯಿತು ಎಂಬ ಮೂರು ಕಾಲಂ ಸೇರಿಸಿ, ಅದಕ್ಕೆ ಒಟ್ಟು ಅಂಕದ ಮೂರರಲ್ಲಿ ಒಂದು ಭಾಗ ಇಡಿ. ಮುಂದಿನ ತಂಡ ಶಾಲೆಗಳಿಗೆ ಬರುವ ಮೊದಲು ಇದು ಆಗಲಿ. ಪ್ರಯೋಗಕ್ಕೆ ಒಂದು ತರಗತಿ ಬೇಕೆಂದರೆ ನನ್ನ ತರಗತಿಯನ್ನೇ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಪ್ರೌಢಶಾಲೆಯ ಒಬ್ಬ ಚಿತ್ರಕಲಾ ಶಿಕ್ಷಕಿ